ಸ್ಪಷ್ಟನೆ: ಖಾಲಿ ಬೆಂಚುಗಳ ಆ ಜೋಡಿ ಚಿತ್ರ

ಬ್ರಿಟನ್ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನ ಎರಡು ಚಿತ್ರಗಳನ್ನು ಜೋಡಿಸಿದ ಪೋಸ್ಟ್ ಒಂದು ವರ್ಷಗಳಿಂದ ಹರಿದಾಡುತ್ತಿದೆ. ಒಂದರಲ್ಲಿ ಹಸಿರು ಬೆಂಚುಗಳು ಖಾಲಿ: 'ಜನರ ಕಷ್ಟದ ಚರ್ಚೆ'. ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲ: 'ಸಂಸದರ ಸಂಬಳದ ಚರ್ಚೆ'. ಈ ಹೋಲಿಕೆ ದಾರಿ ತಪ್ಪಿಸುವಂಥದ್ದು.

ಸಂಬಳದ್ದೆಂದು ತೋರಿಸುವ ತುಂಬಿದ ಸದನ ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನ 12ಕ್ಕೆ ನಡೆಯುವ ಪ್ರಧಾನಿ ಪ್ರಶ್ನೋತ್ತರದ್ದು. ಅಂದು ಸೀಟಿಗೆ ಎಷ್ಟು ಪೈಪೋಟಿ ಎಂದರೆ, ಸಂಸದರು ಬೆಳಿಗ್ಗೆಯೇ ಬಂದು ತಮ್ಮ ಹೆಸರಿನ ಪುಟ್ಟ ಕಾರ್ಡನ್ನು ಬೆಂಚಿನ ಮೇಲಿಟ್ಟು ಜಾಗ ಹಿಡಿಯುತ್ತಾರೆ. ಕಾರ್ಡ್ ಇಟ್ಟರಷ್ಟೇ ಸಾಲದು, ಕಲಾಪಕ್ಕೆ ಮುಂಚಿನ ಪ್ರಾರ್ಥನೆಗೂ ಹಾಜರಿರಬೇಕು. ಸಂಸದರು 650, ಕುಳಿತುಕೊಳ್ಳಲು ಜಾಗ ಇರುವುದು ಸುಮಾರು 427 ಮಂದಿಗೆ. ಉಳಿದವರು ನಿಂತೇ ಇರುತ್ತಾರೆ.

ಇನ್ನು ಸಂಬಳ. ಸಂಸದರ 2009ರ ಭತ್ಯೆ ಹಗರಣದ ನಂತರ ಅದನ್ನು ನಿಗದಿ ಮಾಡುವ ಅಧಿಕಾರ ಅವರ ಕೈತಪ್ಪಿ ಇಪ್ಸಾ ಎಂಬ ಸ್ವತಂತ್ರ ಪ್ರಾಧಿಕಾರಕ್ಕೆ ಹೋಗಿದೆ.

ಬೆಂಚು ಖಾಲಿ ಎಂದರೆ ಕೆಲಸವಿಲ್ಲ ಎಂದಲ್ಲ. ಅದೇ ಹೊತ್ತಿಗೆ ಸಮಿತಿ ಕೊಠಡಿಗಳಲ್ಲಿ ಮಂತ್ರಿಗಳ ವಿಚಾರಣೆ ನಡೆಯುತ್ತಿರಬಹುದು. ಮತದಾನದ ಗಂಟೆ ಬಾರಿಸಿದ 8 ನಿಮಿಷಕ್ಕೆ ಮತ ಹಾಕುವ ಲಾಬಿಗಳ ಬಾಗಿಲು ಮುಚ್ಚುತ್ತದೆ. ಎಲ್ಲಿದ್ದವರೂ ಓಡಿ ಬರುತ್ತಾರೆ.

ಹಾಗೆಂದು ಎಲ್ಲ ಗೈರುಹಾಜರಿಯೂ ಸರಿ ಎನ್ನುತ್ತಿಲ್ಲ. ಸ್ಪೀಕರ್ ಪೀಠದ ಮೇಲಿನ ಗ್ಯಾಲರಿಯಲ್ಲಿ ಕೂರುವ ವರದಿಗಾರರು ಅದನ್ನೂ ಬರೆಯುತ್ತಾರೆ. ಆದರೆ ಚಿತ್ರದ ದಿನಾಂಕ, ಚರ್ಚೆಯ ವಿಷಯ ಹೇಳದೆ ದೂರುವುದು ತಪ್ಪು. ಯಾವ ದಿನ ಯಾರು ಏನು ಮಾತಾಡಿದರು ಎಂಬುದು ಸದನದ ಅಧಿಕೃತ ದಾಖಲೆ ಹ್ಯಾನ್ಸಾರ್ಡ್‌ನಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು.