ಅಡಿಪಾಯದ ಮಣ್ಣಿಗೆ ಪರೀಕ್ಷೆ ಉಂಟು, ಮಣ್ಣಿನೊಳಗಿನ ಚರಿತ್ರೆಗೆ ಇಲ್ಲ

ನದಿಯ ಹಳೆಯ ಘಟ್ಟವೊಂದರಲ್ಲಿ ಜೆಸಿಬಿ ಕೆಲಸ ಮಾಡುತ್ತಿದ್ದುದನ್ನು ಮೊನ್ನೆ ಕಂಡಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಚರ್ಚೆಯೆಲ್ಲ ಆ ಊರಿನ ರಾಜಕೀಯಕ್ಕೆ ಹೊರಳುತ್ತದೆ. ಹೊಸ ಸೋಪಾನಕಟ್ಟೆಗಾಗಿ ಹಳೆಯ ಮೆಟ್ಟಿಲುಗಳನ್ನು ಕಿತ್ತು ರಾಶಿ ಹಾಕಿದ್ದರು. ಆ ರಾಶಿಯಲ್ಲಿ ತೂತು ಕೊರೆದ ಕಲ್ಲೊಂದಿತ್ತು. ತೂತಿನ ಅಂಚಿನಲ್ಲಿ, ಒಂದೇ ಮಗ್ಗುಲಿಗೆ, ಬೆರಳು ಇಳಿಯುವಷ್ಟು ಆಳದ ನುಣುಪಾದ ಗೀರು. ದೋಣಿ ಕಟ್ಟುವ ಹಗ್ಗ ಉಜ್ಜಿ ಉಜ್ಜಿ ಆದ ಸವೆತದಂತೆ ಕಾಣುತ್ತಿತ್ತು. ಪಕ್ಕದ ಕಪ್ಪು ಮಣ್ಣಿನಲ್ಲಿ ಮಡಕೆಯ ಕಂಠದ ಚೂರುಗಳು ಬಿದ್ದಿದ್ದವು. ಈ ಕಲ್ಲು ಎಷ್ಟು ಆಳದಿಂದ ಬಂತು ಎಂದು ಕೇಳಿದೆ. ಮೇಸ್ತ್ರಿ ನನ್ನನ್ನು ಮರುಕದಿಂದ ನೋಡಿ, ‘ಎಲ್ಲಾ ಇಲ್ಲಿಯ ಕಲ್ಲೇ ಸಾರ್’ ಎಂದರು.

ಕಾಮಗಾರಿಗಳ ಖರ್ಚಿನ ಅಂದಾಜುಪಟ್ಟಿ ಬರೆದೇ ಅನ್ನ ಉಂಡವನು ನಾನು. ಆದ್ದರಿಂದಲೇ ಈ ಸಿಟ್ಟು. ಕಟ್ಟಡ ಎಬ್ಬಿಸುವ ಮೊದಲು ಬೋರ್ ಹಾಕಿ ಮಣ್ಣಿನ ಧಾರಣ ಶಕ್ತಿಯನ್ನು, ಅಂದರೆ ಅದು ಎಷ್ಟು ಭಾರ ಹೊರಬಲ್ಲದು ಎಂಬುದನ್ನು, ಪರೀಕ್ಷಿಸುತ್ತೇವೆ. ಅದಕ್ಕೆ ಹಣವಿದೆ, ಸಮಯವಿದೆ, ವರದಿಗೆ ಸಹಿ ಹಾಕುವವರಿದ್ದಾರೆ. ಅದೇ ಮಣ್ಣಿನಲ್ಲಿ ಮನುಷ್ಯರು ಬಿಟ್ಟುಹೋದದ್ದೇನಾದರೂ ಇದೆಯೇ ಎಂದು ನಾಲ್ಕು ಪರೀಕ್ಷಾ ಗುಂಡಿ ತೋಡಿಸಿ ನೋಡುವುದಕ್ಕೆ ಮಾತ್ರ ಅಂದಾಜುಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಪುರಾತತ್ವದವರು ಮಾಡುವ ಪರೀಕ್ಷಾರ್ಥ ಉತ್ಖನನವೆಂದರೆ ಇಡೀ ದಂಡೆಯನ್ನು ವರ್ಷಗಟ್ಟಲೆ ಅಗೆಯುವುದಲ್ಲ. ಆಯ್ದ ಜಾಗಗಳಲ್ಲಿ ಕಿರಿದಾದ ಗುಂಡಿಗಳನ್ನು ಪದರ ಪದರವಾಗಿ ಬಿಡಿಸಿ, ಯಾವುದು ನೆರೆ ತಂದ ಹೂಳು, ಯಾವುದು ಜನ ತುಂಬಿದ ಮಣ್ಣು ಎಂದು ಗುರುತು ಹಾಕಿಕೊಂಡು, ಮುಂದೆ ಅಗೆಯಬೇಕೋ, ನಕ್ಷೆ ಬದಲಿಸಬೇಕೋ, ನಿಶ್ಚಿಂತೆಯಿಂದ ಕಟ್ಟಬಹುದೋ ಎಂದು ಹೇಳುವ ಕೆಲಸವದು.

ಘಟ್ಟಗಳಲ್ಲಿ ಇದು ಮಿಕ್ಕೆಡೆಗಿಂತ ಹೆಚ್ಚು ಅಗತ್ಯ. ನೀರು ನಿಂತ ಕೆಸರಿಗೆ ಗಾಳಿ ತಾಗದ ಕಾರಣ, ಬೇರೆಡೆ ಕೊಳೆತುಹೋಗುವ ಮರ, ತೊಗಲು, ಹಗ್ಗ, ಬೀಜಗಳು ಅಲ್ಲಿ ಉಳಿಯಬಹುದು. ಇನ್ನೊಂದು ಸಂಗತಿ: ಇಂದಿನ ಎಂಜಿನಿಯರು ಸೇತುವೆಗೆ ಹುಡುಕುವುದೂ ಗಟ್ಟಿ ದಂಡೆಯನ್ನು, ಅನುಕೂಲದ ದಾರಿಯನ್ನು, ಅಂದಿನ ಅಂಬಿಗ ಹುಡುಕಿದ್ದೂ ಅದನ್ನೇ. ಹಾಗಾಗಿ ಹೊಸ ಕಾಮಗಾರಿ ಎಷ್ಟೋ ಕಡೆ ಹಳೆಯ ಘಟ್ಟದ ನೆತ್ತಿಯ ಮೇಲೆಯೇ ಬಂದು ಕೂರುತ್ತದೆ. ಹಂಪಿಯ ತಳವಾರಘಟ್ಟವನ್ನೇ ನೋಡಿ. ಹರಿಗೋಲಿನಲ್ಲಿ ಆಚೆ ದಡದ ಆನೆಗೊಂದಿಗೆ ದಾಟುತ್ತಿದ್ದ ಜಾಗದಲ್ಲೇ ಸೇತುವೆ ಕಟ್ಟಲು ಹೊರಟರು. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿ, ಸೇತುವೆ ಕಾಮಗಾರಿಯ ದೆಸೆಯಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಕೊನೆಗೆ 2009ರ ಜನವರಿಯಲ್ಲಿ ಆ ಅರೆಬರೆ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಜಗತ್ತೇ ನೋಡುತ್ತಿದ್ದ ಹಂಪಿಯ ಗತಿಯೇ ಹೀಗಾದರೆ, ಹೆಸರಿಲ್ಲದ ಘಟ್ಟವನ್ನು ಕೇಳುವವರಾರು?

ಕಾಯಿದೆ ಕೇಳುತ್ತದೆ ಎನ್ನುತ್ತೀರಾ? 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಸಂರಕ್ಷಿತವೆಂದು ಘೋಷಣೆಯಾಗದ ಘಟ್ಟಕ್ಕೆ ಆ ರಕ್ಷೆ ಇಲ್ಲ. ಘೋಷಿಸಬೇಕಾದರೆ ಅಲ್ಲಿ ಏನಿದೆ ಎಂದು ತಿಳಿದಿರಬೇಕು, ತಿಳಿಯಬೇಕಾದರೆ ಅಗೆದು ನೋಡಬೇಕು, ಅಗೆದು ನೋಡುವ ಭಾಗ್ಯ ಜೆಸಿಬಿಗೆ ಮಾತ್ರ.

‘ಹೀಗೆ ಪರೀಕ್ಷಿಸುತ್ತ ಕೂತರೆ ಕಾಮಗಾರಿ ಮುಗಿದ ಹಾಗೇ, ಇಸ್ತಾಂಬುಲ್ ನೋಡಿ’ ಎಂದು ಗೆಳೆಯರೊಬ್ಬರು ಆಗಲೇ ಫೋನಿನಲ್ಲಿ ಪಾಠ ಹೇಳಿದ್ದಾರೆ. ನೋಡಿದ್ದೇನೆ ಮಹರಾಯರೇ. ಆ ನಗರದ ಯೆನಿಕಾಪಿ ಎಂಬಲ್ಲಿ ರೈಲು ನಿಲ್ದಾಣಕ್ಕಾಗಿ 2004ರಲ್ಲಿ ಶುರುವಾದ ಉತ್ಖನನದಲ್ಲಿ 37 ಹಳೆಯ ಹಡಗುಗಳು ಸಿಕ್ಕವು, ಯೋಜನೆ ವರ್ಷಗಟ್ಟಲೆ ತಡವಾಯಿತು, ನಿಜ. ಆದರೆ ಬೈಜಾಂಟೈನ್ ಕಾಲದ ಥಿಯೊಡೋಸಿಯಸ್ ಬಂದರು ಆ ಭಾಗದಲ್ಲಿತ್ತೆಂದು ಇತಿಹಾಸಕಾರರಿಗೆ ಮೊದಲೇ ಗೊತ್ತಿತ್ತು. ತಡವಾಗುವುದೆಂದು ಗೊತ್ತಿರುವ ಜಾಗಕ್ಕೆ ವೇಳಾಪಟ್ಟಿ ಹಾಕುವಾಗಲೇ ಅವಕಾಶ ಇಟ್ಟುಕೊಳ್ಳದಿದ್ದರೆ ತಪ್ಪು ಹಡಗಿನದ್ದೇ? ಅಮೆರಿಕದ ಅಲೆಕ್ಸಾಂಡ್ರಿಯಾ ಪೊಟೊಮ್ಯಾಕ್ ನದಿ ದಂಡೆಯ ಹಳೆಯ ಬಂದರು ಪಟ್ಟಣ. ಅಲ್ಲಿ ದೊಡ್ಡ ಕಾಮಗಾರಿಗಳಿಗೆ ಮುನ್ನ ಪುರಾತತ್ವ ಪರಿಶೀಲನೆಗೆ 1989ರಿಂದ ನಿಯಮವಿದೆ. 2015ರಲ್ಲಿ ಹೋಟೆಲೊಂದರ ಜಾಗದಲ್ಲಿ, ದಂಡೆಯನ್ನು ನದಿಯೊಳಕ್ಕೆ ಮುಂದೆ ಸರಿಸಲೆಂದು ಹಿಂದಿನವರು ಹೂತಿದ್ದ ಹಡಗಿನ ಅವಶೇಷ ಸಿಕ್ಕಿತು. ಅದನ್ನು ದಾಖಲಿಸಿ, ಬಿಚ್ಚಿ ತೆಗೆದರು; ಹೋಟೆಲೂ ಎದ್ದು ನಿಂತಿತು. ಯಾರ ಮನೆಯೂ ಮುಳುಗಲಿಲ್ಲ.

ಹಾಗೆಂದು ನಾನು ಹಳೆಯ ಮೆಟ್ಟಿಲುಗಳ ಆರಾಧಕನೇನೂ ಅಲ್ಲ. ಪಾಚಿಗಟ್ಟಿದ ಆ ಕಲ್ಲುಗಳ ಮೇಲೆ ಕಾಲಿಡಲು ನನಗೆ ಈಗ ನಿಜಕ್ಕೂ ಭಯ. ಹೊಸ ಸೋಪಾನಕಟ್ಟೆ ಬರಲಿ, ಹಿಡಿದು ಇಳಿಯಲು ಸ್ಟೀಲ್ ಕಂಬಿಯೂ ಬರಲಿ. ಗುದ್ದಲಿ ಪೂಜೆಯ ಶಾಮಿಯಾನಕ್ಕೆ ಹೇಗೋ ಹಣ ಹೊಂದಿಸುವವರು ನಾಲ್ಕು ಪರೀಕ್ಷಾ ಗುಂಡಿಗೂ ಹೊಂದಿಸಲಿ, ಟೆಂಡರ್ ಕರೆಯುವ ಮೊದಲು. ಇಷ್ಟು ಹೇಳಿದ್ದಕ್ಕೇ ನನ್ನನ್ನು ಅಭಿವೃದ್ಧಿ ವಿರೋಧಿ ಎನ್ನಲು ಹೊರಟವರು, ದಯವಿಟ್ಟು ತಮ್ಮೂರಿನ ಯಾವುದಾದರೂ ನದಿ ದಂಡೆ ಕಾಮಗಾರಿಯ ಅಂದಾಜುಪಟ್ಟಿಯನ್ನು ತರಿಸಿಕೊಂಡು, ಮಣ್ಣು ಪರೀಕ್ಷೆಯ ಸಾಲಿನ ಕೆಳಗೆ ಏನು ಬರೆದಿದೆ ಎಂದು ಓದಿ ಹೇಳಲಿ.