ಕೇಳುವ ಮೊದಲೇ ಹೇಳುವವರು

ಟೋಕಿಯೊದಲ್ಲಿ ನಾನು ಕಚೇರಿಗೆ ಹೋಗುವ ರೈಲು ಕಳೆದ ವಾರ ಸಿಗ್ನಲ್ ತೊಂದರೆಯಿಂದಾಗಿ ತುಸು ತಡವಾಯಿತು. ಹೊರಬರುವಾಗ ಗೇಟಿನ ಬಳಿ ನಿಂತಿದ್ದ ಸಿಬ್ಬಂದಿಯೊಬ್ಬರು ತಲೆಬಾಗಿ, ನಾನು ಕೇಳದಿದ್ದರೂ ಒಂದು ಚೀಟಿಯನ್ನು ಕೈಗಿತ್ತರು. ರೈಲು ಇಷ್ಟು ನಿಮಿಷ ತಡವಾಗಿತ್ತೆಂದು ಕಂಪನಿಯೇ ಬರೆದುಕೊಡುವ ದೃಢೀಕರಣ ಪತ್ರವದು. ಕಚೇರಿ, ಶಾಲೆಗಳಲ್ಲಿ ಅದಕ್ಕೆ ಬೆಲೆಯಿದೆ. ಅದೇ ವಾರ ಊರಿನಿಂದ ಅಕ್ಕ ಫೋನು ಮಾಡಿದ್ದಳು. ಸಂಜೆ ಐದರವರೆಗೆ ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತಂತೆ. ರಾತ್ರಿ ಒಂಬತ್ತಾದರೂ ಕರೆಂಟು ಬರಲಿಲ್ಲವಂತೆ. ಏಕೆಂದು ತಿಳಿಸುವ ಒಂದು ಸಾಲೂ ಮರುದಿನ ಕಾಣಿಸಲಿಲ್ಲವಂತೆ.

ನಮ್ಮಲ್ಲಿ ಸಾರ್ವಜನಿಕ ಸಂಪರ್ಕಕ್ಕೆ ಕೊರತೆಯೇನೂ ಇಲ್ಲ. ಅದಕ್ಕೆಂದೇ ಒಂದು ಇಲಾಖೆಯಿದೆ, ನಿಗಮ ಮಂಡಳಿಗಳಲ್ಲಿ ಸಂಪರ್ಕಾಧಿಕಾರಿಗಳಿದ್ದಾರೆ, ಪತ್ರಿಕಾಗೋಷ್ಠಿಗಳು ನಡೆಯುತ್ತಲೇ ಇರುತ್ತವೆ. ಆದರೆ ಈ ಯಂತ್ರವೆಲ್ಲ ಲವಲವಿಕೆಯಿಂದ ಓಡುವುದು ಶಂಕುಸ್ಥಾಪನೆ, ಉದ್ಘಾಟನೆ, ವರ್ಷ ತುಂಬಿದ ಸಂಭ್ರಮಗಳಿಗೆ. ಸರ್ಕಾರಿ ಜಾಹೀರಾತಿನಲ್ಲಿ ಯಾರ ಚಿತ್ರ ಇರಬಹುದೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ, ಇಷ್ಟೇ ಸಾಕೆಂದು 2015ರಲ್ಲಿ ಹೇಳಿದ ನ್ಯಾಯಾಲಯ, 2016ರಲ್ಲಿ ಮುಖ್ಯಮಂತ್ರಿ, ರಾಜ್ಯಪಾಲರು, ಮಂತ್ರಿಗಳಿಗೂ ಅವಕಾಶ ಕೊಟ್ಟಿತು. ಕೆಲಸ ಕೆಟ್ಟಾಗ ಯಾರ ಚಿತ್ರ ಹಾಕಬೇಕೆಂದು ಮಾತ್ರ ಯಾರೂ ದಾವೆ ಹೂಡಿದಂತಿಲ್ಲ.

ಸಾರ್ವಜನಿಕ ಸಂಪರ್ಕವೆಂಬ ಈ ವೃತ್ತಿಯ ಚರಿತ್ರೆಯಲ್ಲಿ ಮೊದಲು ಹೆಸರಿಸುವ ಪ್ರಸಂಗವೂ ರೈಲಿಗೆ ಸಂಬಂಧಿಸಿದ್ದೇ. 1906ರ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಜನ ಸತ್ತರು. ಪೆನ್ಸಿಲ್ವೇನಿಯಾ ರೈಲ್ವೆಯ ಪರವಾಗಿ ಸಂಪರ್ಕದ ಕೆಲಸ ಮಾಡುತ್ತಿದ್ದ ಐವಿ ಲೀ ಸುದ್ದಿಯನ್ನು ಮುಚ್ಚಿಡಲಿಲ್ಲ. ಗೊತ್ತಿದ್ದ ವಿವರಗಳ ಹೇಳಿಕೆಯನ್ನು ತಾವೇ ಪತ್ರಿಕೆಗಳಿಗೆ ಕಳುಹಿಸಿ, ವರದಿಗಾರರನ್ನು ಸ್ಥಳಕ್ಕೆ ಕರೆಸಿಕೊಂಡರು. ಸೋಲಿನ ದಿನ ಬಾಯಿ ತೆರೆಯದವನ ಗೆಲುವಿನ ದಿನದ ಮಾತಿಗೆ ಕಿವಿಗೊಡುವವರು ಯಾರು? ಇಲ್ಲಿನ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದ ರೈಲೊಂದು 2017ರ ನವೆಂಬರ್ 14ರಂದು 20 ಸೆಕೆಂಡು ಮುಂಚೆ ಹೊರಟಿತೆಂದು, ಯಾರೂ ದೂರದಿದ್ದರೂ, ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಮುಂದಿನ ರೈಲು ನಾಲ್ಕೇ ನಿಮಿಷದಲ್ಲಿತ್ತು. ಇದು ಅತಿಯಾಯಿತೆಂದು ಜಗತ್ತು ನಕ್ಕಿತು. ಗಂಟೆಗಟ್ಟಲೆ ತಡವಾದ ರೈಲಿಗೆ ಮುದ್ರಿತ ದನಿಯೊಂದು ವಿಷಾದ ಹೇಳುವುದನ್ನು ಕೇಳಿ ಬೆಳೆದ ನನಗೆ ನಗು ಬರಲಿಲ್ಲ.

ಇಷ್ಟು ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ, ಇನ್ನೊಂದು ಮಾತನ್ನು ಒಪ್ಪಲೇಬೇಕು. 2005ರ ಏಪ್ರಿಲ್‌ನಲ್ಲಿ ಜಪಾನಿನ ಅಮಗಾಸಾಕಿಯಲ್ಲಿ ರೈಲು ಹಳಿ ತಪ್ಪಿ ಕಟ್ಟಡಕ್ಕೆ ನುಗ್ಗಿ ಚಾಲಕನೂ ಸೇರಿ 107 ಜನ ಸತ್ತರು. ಒಂದೆರಡು ನಿಮಿಷದ ವಿಳಂಬಕ್ಕೂ ಚಾಲಕರನ್ನು ಮರುತರಬೇತಿಯ ಹೆಸರಿನಲ್ಲಿ ಅವಮಾನಿಸುತ್ತಿದ್ದ ಪದ್ಧತಿಯ ಭಯವೂ ಅದರ ಹಿಂದಿತ್ತೆಂಬುದು ಆಗ ಬಯಲಾಯಿತು. ಹೊರಗಿನವರೆದುರು ಬಾಗುವ ಸಂಸ್ಥೆ ತನ್ನವರ ಮೇಲೆ ಎಷ್ಟು ಭಾರ ಹೇರಬಲ್ಲದೆಂಬುದು ಪ್ರಯಾಣಿಕರಿಗೆ ಕಾಣುವುದಿಲ್ಲ. ತಲೆಬಾಗುವುದೂ ಎಷ್ಟೋ ಸಲ ರೂಢಿಯಷ್ಟೇ.

ಅಕ್ಕನ ಮಾತಿನಲ್ಲಿ ಇನ್ನೂ ಒಂದು ಸಂಗತಿಯಿತ್ತು. ಆ ರಾತ್ರಿ ಲೈನ್‌ಮನ್‌ಗೆ ಫೋನು ಮಾಡಿದಾಗ ಆತ ಕಂಬದ ಮೇಲಿಂದ ಇಳಿದವನೇ, "ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಕ್ಕಾ, ಬೇರೆ ತರಿಸ್ತಾ ಇದೀವಿ, ಊಟ ಮುಗಿಸಿ ಮಲಗಿ," ಎಂದನಂತೆ. ಇಂಥ ಸಲುಗೆಯ ಉತ್ತರ ಟೋಕಿಯೊದಲ್ಲಿ ನನಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಆದರೆ ಕಂಬ ಹತ್ತಿದವನಿಗೆ ಗೊತ್ತಿದ್ದ ಆ ಕಾರಣವನ್ನು ಮರುದಿನದ ಪ್ರಕಟಣೆಯಲ್ಲಿ ತಮ್ಮ ಹೆಸರು ಹಾಕಿ ಅಚ್ಚು ಮಾಡಿಸಲು ಕಚೇರಿಯಲ್ಲಿ ಕುಳಿತವರಿಗೆ ಏನು ಅಡ್ಡಿಯೆಂಬುದು ನನಗೆ ಇನ್ನೂ ತಿಳಿದಿಲ್ಲ.