ಹಾಡು ಕೇಳುವ ಮೊದಲು ಅವರು ಕೇಳಿದ್ದು

ಭಾನುವಾರದಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಇವತ್ತು ಬರೆದು ಮುಗಿಸದಿದ್ದರೆ ನಿದ್ದೆ ಬರುವುದಿಲ್ಲ.

ಕೊಡಗಿನ ಗೋಣಿಕೊಪ್ಪದಲ್ಲಿ ಪರಿಚಯದವರ ಮಗಳ ಮದುವೆ. ಊಟದ ಹೊತ್ತಿಗೆ ಒಬ್ಬ ಹುಡುಗ ಗಿಟಾರ್ ಹಿಡಿದು ಹಾಡುತ್ತಿದ್ದ. ಸಿದ್ದಾಪುರದ ಕಡೆಯವನು, ಕಾಫಿ ತೋಟದ ಲೆಕ್ಕ ಬರೆಯುವ ರೈಟರೊಬ್ಬರ ಮಗ, ಹೆಚ್ಚೆಂದರೆ ಇಪ್ಪತ್ತಮೂರು ವರ್ಷ. ಎರಡು ಸಿನಿಮಾ ಹಾಡುಗಳ ನಡುವೆ ತನ್ನದೇ ಒಂದು ಹಾಡನ್ನು ಸೇರಿಸಿದ. ಮೆಣಸು ಕೊಯ್ಯಲು ಏಣಿ ಹತ್ತಿದವನಿಗೆ ಮೇಲಿನಿಂದ, ತೋಟದ ಕಾರ್ಮಿಕರ ಸಾಲಿನಲ್ಲಿರುವ ತನ್ನ ಲೈನ್‌ಮನೆ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬ ಹಾಡು. ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬಡಿಸುವವನಿಗೆ ಸ್ವಲ್ಪ ತಡೆಯುವಂತೆ ಕೈಸನ್ನೆ ಮಾಡಿದರು.

ಹಾಡು ಮುಗಿದ ಮೇಲೆ, ರೆಸಾರ್ಟುಗಳಿಗೆ ಕಾರ್ಯಕ್ರಮ ಒದಗಿಸುವ ಒಬ್ಬರ ಬಳಿ ಹುಡುಗನನ್ನು ನಾನೇ ಕರೆದೊಯ್ದೆ. ಬೇಸಿಗೆ ರಜೆ ಶುರುವಾಗಿದೆ, ಪ್ರವಾಸಿಗರು ತುಂಬಿದ್ದಾರೆ, ವಾರಕ್ಕೊಂದು ಸಂಜೆಯಾದರೂ ಇವನಿಗೆ ಸಿಗಲಿ ಎಂಬ ಆಸೆ. ಅವರು ಕೇಳಿದ ಮೊದಲ ಮಾತು, "ವ್ಯೂಸ್ ಎಷ್ಟು?"

"ಆ ಹಾಡಿಗೆ ಆರುನೂರ ನಲವತ್ತು, ಸರ್."

"ಮೊದಲು ಒಂದು ಲಕ್ಷ ದಾಟಿಸು ತಮ್ಮಾ, ಆಮೇಲೆ ಮಾತನಾಡೋಣ. ಅಲ್ಲಿಯವರೆಗೆ ಬೇಕಿದ್ದರೆ ಬಂದು ಹಾಡು. ಊಟ ಕೊಡುತ್ತೇವೆ. ನಿನಗೂ ಪ್ರಚಾರ ಸಿಗುತ್ತದೆ."

ತೋರಿಸಲೆಂದು ತೆಗೆದಿದ್ದ ಮೊಬೈಲನ್ನು ಹುಡುಗ ಮೇಜಿನ ಮೇಲೆ ಮಗುಚಿಟ್ಟ. ಆ ಮನುಷ್ಯ ಅವನ ಹಾಡನ್ನು ಕೇಳಿರಲೇ ಇಲ್ಲ. ಅವನು ಹಾಡುವಾಗ ಹೊರಗೆ ಫೋನಿನಲ್ಲಿ ಮಾತನಾಡುತ್ತಾ ನಿಂತಿದ್ದರು. ಅದೇ ಸಭಾಂಗಣದಲ್ಲಿ ಮುನ್ನೂರು ಜನ ಊಟ ಬಿಟ್ಟು ಹಾಡು ಕೇಳಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಎಷ್ಟು ವ್ಯೂಸ್. ಈ ಒಂದು ಪ್ರಶ್ನೆಯನ್ನು ನಾನು ಹತ್ತು ವರ್ಷಗಳಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಮದುವೆ ಮನೆಯಲ್ಲಿ, ಶಾಲಾ ವಾರ್ಷಿಕೋತ್ಸವದ ಸಮಿತಿಯಲ್ಲಿ, ಕೊನೆಗೆ ನನ್ನ ಬಳಿ ಸಂಗೀತ ಕಲಿಯುವ ಮಕ್ಕಳ ತಂದೆತಾಯಿಯರ ಬಾಯಲ್ಲೂ. ಯಾವ ಹಾಡು, ಏನು ಬರೆದಿದ್ದೀಯ ಎಂದು ಕೇಳಿದವರನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದು.

ಕೊಡಗಿನಲ್ಲಿ ಈ ಪ್ರಶ್ನೆ ಕೇಳುವವರು ಒಂದು ಲೆಕ್ಕ ನೆನಪಿಡಬೇಕು. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಹಸುಗೂಸುಗಳಿಂದ ಹಿಡಿದು ಹಾಸಿಗೆ ಹಿಡಿದ ಹಿರಿಯರವರೆಗೆ ಎಲ್ಲರೂ ಸೇರಿ. ಅವರಲ್ಲಿ ಕೊಡವ ಭಾಷೆಯಲ್ಲಿ, ಅರೆಭಾಷೆಯಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಹಾಡು ಬಯಸುವವರಿದ್ದಾರೆ. ಶನಿವಾರಸಂತೆಯ ಕಡೆಯಿಂದ ಬಂದ ನನ್ನಂಥವಳು ಕನ್ನಡದಲ್ಲಿ ಬರೆದ ಹಾಡಿಗೆ, ಸಿದ್ದಾಪುರದ ಹುಡುಗ ಬರೆದ ಹಾಡಿಗೆ, ಒಂದು ಲಕ್ಷ ಕಿವಿಗಳು ಎಲ್ಲಿಂದ ಬರಬೇಕು? ಆರುನೂರ ನಲವತ್ತು ಸಣ್ಣ ಸಂಖ್ಯೆಯಲ್ಲ. ಅಷ್ಟು ಜನ ಎದುರಿಗೆ ಕುಳಿತರೆ ನಮ್ಮ ಊರುಗಳ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಕುರ್ಚಿ ಸಾಲುವುದಿಲ್ಲ.

ಆ ಒಂದು ಲಕ್ಷ ಬಂದರೂ ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಯೂಟ್ಯೂಬಿನಲ್ಲಿ ನಮ್ಮ ವಿಡಿಯೋಗಳ ಜಾಹೀರಾತಿನ ಪಾಲು ಬರಬೇಕಾದರೆ ಸಾವಿರ ಚಂದಾದಾರರಿರಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ ನಮ್ಮ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಕಿರು ವಿಡಿಯೋಗಳಿಗೆ ಬೇರೆ ಲೆಕ್ಕವಿದೆ, ಅದು ಕೋಟಿಯ ಮಾತು. ನಾಲ್ಕು ನಿಮಿಷದ ಹಾಡಾದರೆ 4,000 ಗಂಟೆ ಎಂದರೆ ಆರಂಭದಿಂದ ಕೊನೆಯವರೆಗೆ 60,000 ಸಲ ಕೇಳಬೇಕು. ಅರ್ಧಕ್ಕೆ ಬಿಟ್ಟುಹೋದವರು ಅರ್ಧವೇ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳಿರದಿದ್ದರೆ ಆ ಹಾಡಿಗೆ ಒಂದು ಪೈಸೆಯೂ ಇಲ್ಲ. ನನಗೆ ಅತಿ ಹೆಚ್ಚು ನೋವಾಗುವುದು ಮಾತ್ರ ಬೇರೊಂದು ಕಾರಣಕ್ಕೆ. ಇಂಥ ಸೇವೆಗಳಲ್ಲಿ ಹಣ ಹಂಚುವ ರೂಢಿ ಹೇಗೆಂದರೆ, ಎಲ್ಲ ಕೇಳುಗರ ಹಣವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಕೊಡುವುದು. ಸೋಮವಾರಪೇಟೆಯ ಒಬ್ಬ ತಾಯಿ ತಿಂಗಳಿಡೀ ನನ್ನ ಹಾಡನ್ನಷ್ಟೇ ಕೇಳಿದರೂ ಅವರು ಕಟ್ಟಿದ ಚಂದಾ ನನಗೆ ಬರುವುದಿಲ್ಲ. ಅದು ಆ ಗಂಟಿನೊಳಗೆ ಬಿದ್ದು, ಅವರು ಹೆಸರು ಕೂಡ ಕೇಳಿರದ ದೊಡ್ಡವರ ಪಾಲಾಗುತ್ತದೆ.

ನನ್ನ ಕಳೆದ ವರ್ಷದ ಲೆಕ್ಕಪುಸ್ತಕ ಈಗ ಮುಂದೆಯೇ ಇದೆ. ಒಂಬತ್ತು ಹಾಡುಗಳಿಗೆ ಎಲ್ಲ ಆ್ಯಪ್‌ಗಳಿಂದ ಸೇರಿ ಬಂದದ್ದು 1,840 ರೂಪಾಯಿ. ಏಪ್ರಿಲ್‌ನಲ್ಲಿ ಕೊಯ್ಲು ಮುಗಿದು ಖಾಲಿಯಾಗಿದ್ದ ಸುಂಟಿಕೊಪ್ಪದ ಗೆಳತಿಯ ಕಾಫಿ ಕಣದಲ್ಲಿ ಚಾಪೆ ಹಾಸಿ ಹಾಡಿದ ಒಂದೇ ಸಂಜೆಗೆ ಬಂದದ್ದು 9,600. ಮೂವತ್ತೆರಡು ಜನ, ತಲೆಗೆ ಮುನ್ನೂರು. ಹಾಡಿನ ಸಾಲುಗಳನ್ನು ಅಚ್ಚು ಹಾಕಿಸಿದ ಪುಟ್ಟ ಪುಸ್ತಕ ಅಂದು ಹತ್ತೊಂಬತ್ತು ಪ್ರತಿ ಹೋಯಿತು. ಉಳಿದಂತೆ ಮನೆ ನಡೆಸುವುದು ಹದಿನಾಲ್ಕು ಮಕ್ಕಳ ಪಾಠ, ಅದು ನಿಮಗೆಲ್ಲ ಗೊತ್ತಿರುವ ವಿಚಾರ.

ಆ ಮೂವತ್ತೆರಡು ಜನರ ಹೆಸರು ನನಗೆ ಗೊತ್ತು. ಯಾರಿಗೆ ಯಾವ ಹಾಡು ಇಷ್ಟ, ಯಾರು ಕೊನೆಯ ಬಸ್ಸಿಗೆ ಬೇಗ ಏಳಬೇಕು ಎಂಬುದೂ ಗೊತ್ತು. ಒಬ್ಬರು ಮನೆಯಿಂದ ಕಡಂಬುಟ್ಟು ಮಾಡಿ ತಂದಿದ್ದರು. ಇಂಥ ಸಂಜೆಗಳಿಂದ ಒಂದೊಂದೇ ಹೆಸರು ಸೇರಿ ನನ್ನ ನೋಟುಪುಸ್ತಕದಲ್ಲಿ ಈಗ 212 ಹೆಸರುಗಳಿವೆ. ಹೊಸ ಹಾಡು ಬಂದರೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಸಂದೇಶ ಕಳುಹಿಸುತ್ತೇನೆ. ಇಡೀ ಒಂದು ದಿನ ಬೇಕು. ಅಭಿಮಾನಿ ಎಂಬ ಪದವನ್ನು ನಾನು ಇವರಿಗಷ್ಟೇ ಬಳಸುತ್ತೇನೆ. ಅಮೆರಿಕದ ಲೇಖಕ ಕೆವಿನ್ ಕೆಲ್ಲಿ 2008ರಲ್ಲೇ ಹೇಳಿದ್ದರು, ಕಲಾವಿದನಿಗೆ ಕೋಟಿ ಜನ ಬೇಡ, ವರ್ಷಕ್ಕೆ ನೂರು ಡಾಲರ್ ಖರ್ಚು ಮಾಡಬಲ್ಲ ಸಾವಿರ ನಿಜವಾದ ಅಭಿಮಾನಿಗಳು ಸಾಕೆಂದು. ನಮ್ಮಲ್ಲಿ ಡಾಲರಿನ ಮಾತು ನಡೆಯುವುದಿಲ್ಲ. ಆದರೆ ಮುನ್ನೂರು ಜನ ವರ್ಷಕ್ಕೆ ಐನೂರು ರೂಪಾಯಿ ಕೊಟ್ಟರೂ ಒಂದೂವರೆ ಲಕ್ಷ. ಕೊಡಗಿನ ಒಬ್ಬ ಹಾಡುಗಾರ ಅದರಲ್ಲಿ ಸ್ಟುಡಿಯೋ ಖರ್ಚು ಕಳೆದು ತಲೆ ಎತ್ತಿ ನಿಲ್ಲಬಹುದು.

ಇದು ಈ ನೆಲಕ್ಕೆ ಹೊಸದೂ ಅಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ದುಡಿ ಹಿಡಿದು ಮನೆಮನೆಗೆ ಹಾಡುತ್ತಾ ಬರುವವರನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ನಿಂತು ಆ ಮನೆಯನ್ನು ಹಾಡಿ ಹರಸುತ್ತಾರೆ, ಮನೆಯವರು ಕೈಯಾರೆ ಕೊಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದ ಕೊಡವ ಜನಪದ ಹಾಡುಗಳು ಅಲ್ಲಿಯವರೆಗೆ ಉಳಿದುಬಂದದ್ದು ಹೀಗೆ ಹಾಡಿದವರಿಂದ, ಮತ್ತು ನಿಂತು ಕೇಳಿದವರಿಂದ. ಅಂಗಳದಲ್ಲಿ ನಿಂತ ಹಾಡುಗಾರನನ್ನು ಹಿಂದಿನ ಮನೆಯಲ್ಲಿ ಎಷ್ಟು ಜನ ಕೇಳಿದರು ಎಂದು ಯಾರೂ ವಿಚಾರಿಸುವುದಿಲ್ಲ.

ಕಾರ್ಯಕ್ರಮ ನಡೆಸುವ ಗೆಳೆಯರೊಬ್ಬರು ನಿನ್ನೆ ನನಗೆ ಬುದ್ಧಿ ಹೇಳಿದರು. ದಿನಕ್ಕೆ ಹತ್ತು ಗಾಯಕರು ಫೋನ್ ಮಾಡುತ್ತಾರೆ, ನಮಗೂ ಒಂದು ಅಳತೆಗೋಲು ಬೇಕಲ್ಲವೇ, ಜನ ಸೇರದಿದ್ದರೆ ನಷ್ಟ ನಮಗೆ ತಾನೇ ಎಂದರು. ನಷ್ಟದ ಮಾತು ಒಪ್ಪುತ್ತೇನೆ. ಅಳತೆಗೋಲಿನ ಮಾತು ಒಪ್ಪುವುದಿಲ್ಲ. ಅವರೂ ಕಾಫಿ ಬೆಳೆಯುವವರೇ. ಚೆರಿ ಕಾಫಿ ಕೊಳ್ಳುವ ವ್ಯಾಪಾರಿ ಚೀಲದ ಸಂಖ್ಯೆ ಕೇಳಿ ಬೆಲೆ ಕಟ್ಟುವುದಿಲ್ಲ. ಒಂದಿಷ್ಟು ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ, ಔಟ್‌ಟರ್ನ್ (ಸಿಪ್ಪೆ ಕಳೆದು ಎಷ್ಟು ಬೇಳೆ ಉಳಿಯುತ್ತದೆ ಎಂಬ ಲೆಕ್ಕ) ನೋಡಿದ ಮೇಲೆಯೇ ದರ ಹೇಳುತ್ತಾನೆ. ಹಾಡಿನ ಔಟ್‌ಟರ್ನ್ ನೋಡಲು ನಾಲ್ಕು ನಿಮಿಷ ಸಾಕು. ಕಾಫಿಗೆ ಕೊಡುವ ಆ ನಾಲ್ಕು ನಿಮಿಷವನ್ನು ಹಾಡಿಗೆ ಕೊಡಲಾರದವರು ಸಂಗೀತದ ಕಾರ್ಯಕ್ರಮ ನಡೆಸಬಾರದು.

ಈ ಪ್ರಶ್ನೆ ಹುಡುಗರಿಂದ ಏನು ಮಾಡಿಸುತ್ತದೆ ಎಂಬುದು ನನಗೆ ಭಯ ಹುಟ್ಟಿಸುತ್ತದೆ. ಊಟದ ನಂತರ ಆ ಹುಡುಗ ನನ್ನನ್ನು ಕೇಳಿದ, "ಅಕ್ಕಾ, ಒಂದು ಚಾನೆಲಿನವರು ಐದು ಸಾವಿರ ಕೊಡುತ್ತಾರಂತೆ. ಹಾಡಿನ ಹಕ್ಕೆಲ್ಲ ಅವರಿಗೆ ಬರೆದುಕೊಡಬೇಕು. ವ್ಯೂಸ್ ಅವರೇ ತರಿಸುತ್ತಾರೆ. ಕೊಡಲೇ?" ಅಲ್ಲಿಯೇ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದೆ. ಲಿಖಿತವಾಗಿ ಬರೆದು ಸಹಿ ಹಾಕದ ಹೊರತು ಹಕ್ಕು ಕೈಬದಲಾಗುವುದಿಲ್ಲ ಎಂದೆ. ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನಿನ ಪ್ರಕಾರ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ, ಅದಕ್ಕಾಗಿಯೇ ಅವರು ಎರಡನ್ನೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹುಡುಕಿ ಓದು ಎಂದೆ. ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸಿ ಹಂಚುವ, 1969ರಿಂದ ಇರುವ ಸಂಸ್ಥೆ ಐಪಿಆರ್‌ಎಸ್ ಬಗ್ಗೆ, ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಸಾಹಿತ್ಯ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿಯನ್ನು ಹೇಗೆ ಕಾಪಾಡಿತು ಎಂಬುದರ ಬಗ್ಗೆ ಹೇಳಿದೆ. ಎಲ್ಲವನ್ನೂ ಕೇಳಿ ಅವನು ಮತ್ತೆ ಅದೇ ಕೇಳಿದ. "ಆದರೆ ಅಕ್ಕಾ, ವ್ಯೂಸ್?"

ಆ ಮಾತಿಗೆ ನಾನು ಸುಮ್ಮನಾದೆ. ಕಾರಣ ಇದುವರೆಗೆ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆ.

2021ರಲ್ಲಿ ನಾನು ವ್ಯೂಸ್ ಕೊಂಡುಕೊಂಡಿದ್ದೆ. ಎರಡು ಮಳೆಗಾಲಗಳಿಂದ ಒಂದು ಕಾರ್ಯಕ್ರಮವೂ ಇರಲಿಲ್ಲ. 3,500 ರೂಪಾಯಿಗೆ ಇಪ್ಪತ್ತು ಸಾವಿರ ಕೇಳಿಕೆ ತರಿಸುತ್ತೇನೆಂದು ಒಬ್ಬ ಸಂದೇಶ ಕಳುಹಿಸಿದ. ಕೊಟ್ಟೆ. ವಾರದಲ್ಲಿ ಬಂದವು. ನಾನು ಹೆಸರು ಕೇಳಿರದ ದೇಶಗಳಿಂದ, ಮೂವತ್ತೊಂದು ಸೆಕೆಂಡಿಗೆ ಸರಿಯಾಗಿ ನಿಂತುಹೋಗುವ ಕೇಳಿಕೆಗಳು. ಮುಂದಿನ ತಿಂಗಳು ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಸಂಸ್ಥೆ ಅದನ್ನು ಕೃತಕ ಕೇಳಿಕೆ ಎಂದು ಗುರುತಿಸಿ ಹಾಡನ್ನೇ ತೆಗೆದುಹಾಕಿತು. ಮೂರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಂದಿದ್ದ ನಿಜವಾದ ಕೇಳುಗರೂ ಅದರ ಜೊತೆಗೇ ಹೋದರು.

ಎರಡು ದಿನಗಳ ನಂತರ ಕೊಡ್ಲಿಪೇಟೆಯ ಒಬ್ಬ ಗೃಹಿಣಿಯಿಂದ ಸಂದೇಶ ಬಂತು. "ಮೇಡಂ, ನಿಮ್ಮ ಆ ಹಾಡು ಸಿಗುತ್ತಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ದಿನಾ ಹಾಕಿಕೊಳ್ಳುತ್ತಿದ್ದೆ. ಏನಾಯಿತು?" ತಾಂತ್ರಿಕ ದೋಷ ಎಂದು ಉತ್ತರಿಸಿದೆ. ಸುಳ್ಳು ಹೇಳಿದೆ. ಆ ದಿನ ಅತ್ತಷ್ಟು ಯಾವ ಕಾರ್ಯಕ್ರಮ ತಪ್ಪಿದಾಗಲೂ ಅತ್ತಿಲ್ಲ. ನನ್ನ ನೋಟುಪುಸ್ತಕದ ಮೊದಲ ಹೆಸರು ಅವರದು. ಅವರ ಹೆಸರು ಬರೆದುಕೊಳ್ಳಲೆಂದೇ ಆ ಪುಸ್ತಕ ಕೊಂಡೆ.

ಇದನ್ನು ಭಾನುವಾರವೇ ಆ ಹುಡುಗನಿಗೆ ಹೇಳಬೇಕಿತ್ತು. ನಾಚಿಕೆಯಾಗಿ ಹೇಳಲಿಲ್ಲ. ಇಂದು ಬೆಳಿಗ್ಗೆ ಫೋನ್ ಮಾಡಿ ಹೇಳಿದೆ. ಅವನು ತುಂಬ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಅಕ್ಕಾ, ಆ ಚಾನೆಲಿನವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ" ಎಂದ.

ಮುಂದಿನ ಶನಿವಾರ ಸಂಜೆ ಐದಕ್ಕೆ ಸುಂಟಿಕೊಪ್ಪದ ಅದೇ ಕಣದಲ್ಲಿ ಮತ್ತೆ ಹಾಡುತ್ತೇನೆ. ಈ ಸಲ ಅರ್ಧ ಹೊತ್ತು ಅವನದು, ಅವನ ಹಾಡುಗಳು ಮಾತ್ರ. ಬಂದ ಹಣದಲ್ಲಿ ಅರ್ಧ ಅವನಿಗೆ. ಮಳೆ ಬಂದರೆ ಪಕ್ಕದ ಗೋದಾಮಿನೊಳಗೆ ಕೂರೋಣ. ನಲವತ್ತು ಜನರಿಗೆ ಜಾಗವಿದೆ, ತಲೆಗೆ ಮುನ್ನೂರು, ಕಾಫಿ ನಮ್ಮದು. ಬರುವವರು ನನಗೆ ಹೆಸರು ಬರೆದು ಕಳುಹಿಸಿ. ಮೂವತ್ತೆಂಟು ಜಾಗ ಉಳಿದಿದೆ. ಎರಡನ್ನು ಕೊಡ್ಲಿಪೇಟೆಯಿಂದ ಆಗಲೇ ಕಾದಿರಿಸಿದ್ದಾರೆ, ಮತ್ತು ಈ ಬರಹವನ್ನು ಅವರು ಓದುತ್ತಾರೆಂದು ನನಗೆ ಗೊತ್ತು.